ಮತಗಟ್ಟೆ ಎಂಬ ಅರಿಸಮಾಸ

ನವನಗರದ ನಮ್ಮ ಸೆಕ್ಟರಿನಲ್ಲಿ ಒಬ್ಬ ನಿವೃತ್ತ ಕನ್ನಡ ಮಾಸ್ತರರಿದ್ದಾರೆ. ಹಳೇ ಬಾಗಲಕೋಟೆಯ ಅವರ ಮನೆ ಆಲಮಟ್ಟಿ ಹಿನ್ನೀರಿನ ಪಾಲಾಯಿತು. ಪರಿಹಾರದ ಫೈಲಿನ ಹಿಂದೆ ವರ್ಷಗಟ್ಟಲೆ ತಿರುಗಿದವರು. ಕಾಗದ ಯಾವ ಟೇಬಲ್ಲಿನಲ್ಲಿ ಮುಳುಗುತ್ತದೆ, ಯಾವುದರಲ್ಲಿ ತೇಲುತ್ತದೆ ಅನ್ನೋದು ಅವರಿಗೆ ಬಾಯಿಪಾಠ. ಆ ವಿದ್ಯೆ ಸುಮ್ನೆ ಹಾಳಾಗಬಾರದು ಅಂತ ನಿವೃತ್ತಿಯ ನಂತರ ಮಾಹಿತಿ ಹಕ್ಕಿನ ಅರ್ಜಿ ಹಾಕುವ ಕೆಲಸ ಹಿಡಿದಿದ್ದಾರೆ. ಪಿಂಚಣಿಯಲ್ಲಿ ಚಹಾಪುಡಿಗೆ ಎಷ್ಟು, ಪೋಸ್ಟಲ್ ಆರ್ಡರಿಗೆ ಎಷ್ಟು ಅಂತ ಅವರ ಹೆಂಡತಿ, ನಮಗೆಲ್ಲ ಕಾಕಿ, ತಿಂಗಳಾ ತಿಂಗಳಾ ಲೆಕ್ಕ ಬರೆದಿಡುತ್ತಾರೆ. ಚಹಾಪುಡಿ ಸೋಲುತ್ತಲೇ ಇದೆ.

ಈ ಸಲ ಮಾಸ್ತರರು ಕೇಳಿದ್ದು ದೊಡ್ಡ ಸಂಗತಿಯೇನಲ್ಲ. ಹಿಂದೊಂದು ಚುನಾವಣೆಯಲ್ಲಿ ವೋಟು ಹಾಕಲು ಹೋದಾಗ ಮತಗಟ್ಟೆಯ ಮೂಲೆಯಲ್ಲಿದ್ದ ಕ್ಯಾಮೆರಾ ಅವರನ್ನು ನೋಡಿತು. ಅವರೂ ಅದನ್ನು ನೋಡಿದರು. ಅದರ ವೈರು ಗೋಡೆಗುಂಟ ಒಂದು ಗೇಣು ಇಳಿದು, ಎಲ್ಲಿಗೂ ಸೇರದೆ ಫ್ಯಾನಿನ ಗಾಳಿಗೆ ತೂಗಾಡುತ್ತಿತ್ತು. ಹಾಗಾಗಿ ಮೂರೇ ಪ್ರಶ್ನೆ. ಆ ಕ್ಯಾಮೆರಾ ನಡೆಯುತ್ತಿತ್ತೇ? ಬಾಡಿಗೆ ಎಷ್ಟು? ಬಾಡಿಗೆ ತೆಗೆದುಕೊಂಡವರು ಯಾರು?

ಆದರೆ ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ದಾಟಬಾರದು. 2008ರಲ್ಲಿ ನಿಯಮಕ್ಕೆ ಸೇರಿಸಿದ ಮಾತು ಇದು. ಕೊಡುವ ಮಾಹಿತಿಗೆ ಮಿತಿ ಹಾಕಿದರೆ ಜನ ಬೈತಾರೆ, ಕೇಳುವ ಬಾಯಿಗೇ ಹಾಕಿದರೆ ಶಿಸ್ತು ಅಂತಾರೆ. ಇರಲಿ. ಜೀವಮಾನವಿಡೀ ಸಂಧಿ ಸಮಾಸ ಕಲಿಸಿದ ಮನುಷ್ಯನಿಗೆ 150 ಪದ ಯಾವ ಲೆಕ್ಕ? ‘ಮತಗಟ್ಟೆಯೊಳಗಣಕ್ಯಾಮೆರಾದಬಾಡಿಗೆಯೆಷ್ಟೆಂಬುದನ್ನು’ ಎಂದು ಒಂದೇ ಉಸಿರಿನಲ್ಲಿ ಬರೆದರು. ಒಂದು ಪದ. ಇನ್ನೂ 149 ಬಾಕಿ.

ಕಚೇರಿ ಯಾವುದು ಅಂತ ನಾನು ಹೇಳುವುದಿಲ್ಲ. ಅದೂ ಖಾಸಗಿ ಅಂದುಬಿಟ್ಟರೆ? ಕೌಂಟರಿನಲ್ಲಿದ್ದ ಹುಡುಗ ಮಾಸ್ತರರ ಹಳೇ ವಿದ್ಯಾರ್ಥಿ. ಅರ್ಜಿಯ ಮೇಲೆ ಬಾಲ್‌ಪೆನ್ನಿನ ತುದಿ ಇಟ್ಟು ಒಂದೊಂದೇ ಪದ ಎಣಿಸುತ್ತಾ ಹೋದವನು ಎರಡನೇ ಸಾಲಿಗೆ ನಿಂತ.

“ಸರ, ಇದೇನ್ರೀ? ಇಡೀ ಸಾಲಿಗೆ ಒಂದ ಪದ ಐತಿ!”

“ಒಂದ ಅಂತ ನೀನ ಅಂದಿ ನೋಡು. ಒಂದ ಅಂತ ಬರಕೋ.”

ಹುಡುಗ ಒಳಗೆ ಹೋಗಿ ಬಂದ. ಮುಖದಲ್ಲಿ ಗೆದ್ದ ಕಳೆ. “ಸಾಹೇಬ್ರು ಅಂತಾರ, ಕ್ಯಾಮೆರಾ ಇಂಗ್ಲಿಷ್ ಪದ ಅಂತ. ಅದಕ್ಕ ಕನ್ನಡ ಪದ ಜೋಡಿಸಿದ್ರ ಅರಿಸಮಾಸ ಆಕೈತಂತ. ನಡ್ಯಂಗಿಲ್ಲಂತ್ರೀ.”

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. “ತಮ್ಮಾ, ಮತ ಸಂಸ್ಕೃತ. ಕಟ್ಟೆ ಕನ್ನಡ. ಮತಗಟ್ಟೀನ ಅರಿಸಮಾಸ ಐತಿ. ಅದರಾಗ ಇಡೀ ದೇಶದ ಚುನಾವಣಿ ನಡೀತೈತಿ. ನನ್ನ ಅರ್ಜಿ ಯಾಕ ನಡ್ಯಂಗಿಲ್ಲ?”

ಅರ್ಜಿ ಸ್ವೀಕೃತವಾಯಿತು.

ಉತ್ತರಕ್ಕೆ ಕಾಯ್ದೆ ಕೊಟ್ಟಿರುವುದು 30 ದಿನ. ಕಚೇರಿ ಕಾಯ್ದೆಗೆ ಎಷ್ಟು ನಿಷ್ಠ ಎಂದರೆ 29ನೇ ದಿನ ಕೊಡುವ ಆತುರ ತೋರಲಿಲ್ಲ. ಸರಿಯಾಗಿ 30ಕ್ಕೆ ಲಕೋಟೆ ಬಂತು. ಒಂದನೇ ಪ್ರಶ್ನೆಗೆ ‘ದಾಖಲೆ ಲಭ್ಯವಿಲ್ಲ’. ಎರಡನೆಯದಕ್ಕೂ ಮೂರನೆಯದಕ್ಕೂ ಸೇರಿಸಿ ಒಂದೇ ಉತ್ತರ: ‘ಖಾಸಗಿ ಮಾಹಿತಿ’. ಗುತ್ತಿಗೆದಾರರ ಹೆಸರು ಅವರ ಖಾಸಗಿ ಸಂಗತಿಯಂತೆ. ಬಾಡಿಗೆಯ ಮೊತ್ತವಂತೂ ಇನ್ನೂ ಜಾಸ್ತಿ ಖಾಸಗಿ. ತೆರಿಗೆ ನಮ್ಮದು, ನಾಚಿಕೆ ಅವರದು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಆ ಮೊಕದ್ದಮೆ ಹೂಡಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ನೆಪದಲ್ಲಿ ಸರಕಾರ ಜನರ ಮನೆಯ ಕಿಟಕಿಯಲ್ಲಿ ಇಣುಕಬಾರದು ಅಂತ ಇಳಿವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದರು, ಗೆದ್ದರು. ಹಾಗೆ ಸಿಕ್ಕ ಪರದೆಯ ಬಟ್ಟೆಯನ್ನು ಸರಕಾರ 2023ರಲ್ಲಿ ದತ್ತಾಂಶ ಸಂರಕ್ಷಣೆಯ ಕಾಯ್ದೆ ಅಂತ ಹೊಲಿಸಿತು. ಹೊಲಿಸುವಾಗ ಒಂದು ತುಂಡು ಕತ್ತರಿಸಿ ತನ್ನ ಕಿಟಕಿಗೂ ಹಾಕಿಕೊಂಡಿತು. ಅದೇ ಕಾಯ್ದೆಯ ಕೊನೆಯ ಕಡೆ ಒಂದು ಸಾಲು, ಮಾಹಿತಿ ಹಕ್ಕಿನ 8(1)(ಜೆ) ಕಲಮಿಗೆ ತಿದ್ದುಪಡಿ. ಮೊದಲು ಆ ಕಲಮಿನಲ್ಲಿ ಒಂದು ಒಳ್ಳೆಯ ಮಾತಿತ್ತು: ಶಾಸನಸಭೆಗೆ ಇಲ್ಲ ಅನ್ನಲಾಗದ ಮಾಹಿತಿಯನ್ನು ಸಾಮಾನ್ಯ ಮನುಷ್ಯನಿಗೂ ಇಲ್ಲ ಅನ್ನುವಂತಿಲ್ಲ. 2025ರ ನವೆಂಬರಿನಿಂದ ಆ ಮಾತಿಲ್ಲ. ವೈಯಕ್ತಿಕ ಮಾಹಿತಿಯೋ, ಮುಗೀತು, ಬಾಗಿಲು ಹಾಕಿ. ಸಾರ್ವಜನಿಕ ಹಿತ ದೊಡ್ಡದು ಅನಿಸಿದರೆ ಕೊಡಬಹುದು ಅಂತ ಬೇರೊಂದು ಕಲಮು ಇನ್ನೂ ಉಳಿದಿದೆ. ಅನಿಸಬೇಕಾದದ್ದು ಮಾತ್ರ ಸಾಹೇಬರಿಗೆ.

ಹಾಗಾದರೆ ನಮ್ಮ ಖಾಸಗಿತನ? ಚುನಾವಣೆಯ ದಿನ ಮತಗಟ್ಟೆಯಿಂದ 100 ಮೀಟರ್ ಆಚೆ ಪಕ್ಷದವರ ಟೇಬಲ್ ಇರುತ್ತದಲ್ಲ, ಅಲ್ಲಿ ಹೋಗಿ ನಿಂತುಕೊಳ್ಳಿ. ಬಿಸಿಲಿಗೆ ಟವೆಲ್ ಹೊದ್ದು ಕೂತ ಹುಡುಗ ತಲೆ ಎತ್ತುವ ಮೊದಲೇ ಶುರು ಮಾಡುತ್ತಾನೆ. “ಬರ್ರೀ ಕಾಕಾ. ನಿಮ್ದು ನಾಕನೂರಾ ಹನ್ನೆರಡು, ಕಾಕೀದು ಹದಿಮೂರು. ಪುಣೆದಾಗ ಅದಾನಲ್ರೀ ನಿಮ್ಮ ಮಗ, ಬಂದಾನೇನು? ಬಸ್ ಚಾರ್ಜ್ ಏನರ ಬೇಕಿದ್ರ ಹೇಳ್ರಿ.” ಹೆಸರು, ಗಂಡನ ಹೆಸರು, ವಯಸ್ಸು, ಮನೆ ನಂಬರು ಎಲ್ಲಾ ಅವನ ಬೆರಳ ತುದಿಯಲ್ಲಿ. ಮಗ ಮನೆಗೆ ಫೋನ್ ಮಾಡಿ ಎಷ್ಟು ದಿನವಾಯಿತು ಅನ್ನೋದೂ ಅವನಿಗೆ ಗೊತ್ತಿದ್ದರೆ ಆಶ್ಚರ್ಯವಿಲ್ಲ. ಅದೇ ಪಟ್ಟಿಯನ್ನು ನೀವು ಕಂಪ್ಯೂಟರಿನಲ್ಲಿ ಹುಡುಕಲು ಬರುವ ರೂಪದಲ್ಲಿ ಕೊಡಿ ಅಂತ ಕೇಳಿ ನೋಡಿ. ಇಲ್ಲ, ದುರುಪಯೋಗ ಆಗುತ್ತದೆ ಅಂತಾರೆ. 2018ರಲ್ಲಿ ಈ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, ಚುನಾವಣಾ ಆಯೋಗದ ಮಾತೇ ನಿಂತಿತು. ಹೀಗಾಗಿ ನಮಗೆ ಸಿಗುವುದು ಪಟ್ಟಿಯ ಚಿತ್ರ. ಯಂತ್ರ ಓದಬಾರದು, ಮನುಷ್ಯ ಓದಬಹುದು, ಓದಿ ಮುಗಿಸುವುದರೊಳಗೆ ಮುಂದಿನ ಚುನಾವಣೆ ಬಂದಿರಬೇಕು.

ಕಾಕಿ ಇದಕ್ಕೂ ಉಪಾಯ ಕಂಡುಕೊಂಡಿದ್ದಾರೆ. ಮಧ್ಯಾಹ್ನ ಪಡಸಾಲೆಯಲ್ಲಿ ಮೊರದ ತುಂಬ ಅಕ್ಕಿ, ಪಕ್ಕದಲ್ಲಿ ಪಟ್ಟಿಯ ಜೆರಾಕ್ಸ್ ಇಟ್ಟುಕೊಂಡು ಕೂಡುತ್ತಾರೆ. ಒಂದು ಹರಳು, ಒಂದು ಹೆಸರು. “ಈಕಿ ತೀರಿಕೊಂಡು ಮೂರು ವರ್ಷ ಆತು, ಇನ್ನೂ ನಮ್ಮ ಮಗ್ಗಲ ಮನ್ಯಾಗ ಅದಾಳ,” ಅಂತ ಪೆನ್ಸಿಲಿನಿಂದ ಗುಂಡು ಸುತ್ತುತ್ತಾರೆ. ಈ ದೇಶದಲ್ಲಿ ಮತದಾರರ ಪಟ್ಟಿಯ ಸುರಕ್ಷತೆ ಇಂಥ ಪೆನ್ಸಿಲುಗಳ ಮೇಲೆ ನಿಂತಿದೆ ಅನ್ನೋದು ನನ್ನ ಅಂದಾಜು.

‘ದಾಖಲೆ ಲಭ್ಯವಿಲ್ಲ’ ಅನ್ನುವ ಉತ್ತರಕ್ಕೆ ಬರೋಣ. ಅದೊಂದು ಮಾತ್ರ ಅಪ್ಪಟ ಸತ್ಯ. 2024ರ ಡಿಸೆಂಬರ್ 20ರಂದು ಚುನಾವಣಾ ನಡವಳಿ ನಿಯಮಗಳ 93ನೇ ನಿಯಮ ತಿದ್ದಿ, ನಿಯಮದಲ್ಲಿ ಹೆಸರಿಸಿದ ಕಾಗದಗಳನ್ನು ಮಾತ್ರ ಜನ ನೋಡಬಹುದು ಅಂತ ಮಾಡಿದರು. ಕ್ಯಾಮೆರಾ ಚಿತ್ರಕ್ಕೆ ಆ ಹೆಸರಿಲ್ಲ. 2025ರ ಮೇ ತಿಂಗಳಲ್ಲಿ ಇನ್ನೊಂದು ಆದೇಶ: ಫಲಿತಾಂಶಕ್ಕೆ ಕೋರ್ಟಿನಲ್ಲಿ ತಕರಾರು ಬರದಿದ್ದರೆ 45 ದಿನಕ್ಕೆ ಚಿತ್ರ ಅಳಿಸಬಹುದು. ಈಗ ಮಾಸ್ತರರ ಲೆಕ್ಕ ಕೇಳಿ. ಅರ್ಜಿಯ ಉತ್ತರಕ್ಕೆ 30 ದಿನ, ಮೇಲ್ಮನವಿಗೆ ಮತ್ತೆ 30. ಕೂಡಿಸಿದರೆ 60. ಚಿತ್ರದ ಆಯುಷ್ಯ 45. ಮೇಲ್ಮನವಿಯಲ್ಲಿ ಗೆದ್ದು ಹೋದರೆ ನಿಮ್ಮ ಕೈಗೆ ಸಿಗುವುದು ಅದರ ತಿಥಿಯ ಊಟ. ನಮ್ಮ ಕಡೆ ಡಬ್ಬಿಯಲ್ಲಿಟ್ಟ ಕಟಕ ರೊಟ್ಟಿ ಇದಕ್ಕಿಂತ ಜಾಸ್ತಿ ದಿನ ಬಾಳುತ್ತದೆ.

ಕೇಳಿದರೆ ತಾಯಂದಿರ, ಸೊಸೆಯಂದಿರ ಚಿತ್ರ ಹೊರಗೆ ಕೊಡುವುದೇ ಅಂತ ಆಯೋಗದ ಮುಖ್ಯಸ್ಥರೇ ಪತ್ರಿಕಾಗೋಷ್ಠಿಯಲ್ಲಿ ಪ್ರಶ್ನೆ ಮಾಡಿದ್ದರು. ಈ ಮಾತನ್ನು ಕಾಕಿಗೆ ಓದಿ ಹೇಳಿದೆ. “ಹಂಗಾರ ವೋಟು ಹಾಕಿ ಹೊರಗ ಬಂದಾಗ ನನ್ನ ಬೆರಳು ಹಿಡಕೊಂಡು ಪೇಪರಿನವರು ಫೋಟೊ ಹೊಡದ್ರಲ್ಲ, ಅವಾಗ ಯಾರಿಗೂ ನಾಚಿಕಿ ಬರಲಿಲ್ಲೇನು?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಾರದರ್ಶಕತೆ ಇಲ್ಲವೇ ಇಲ್ಲ ಅಂದರೆ ತಪ್ಪಾಗುತ್ತದೆ. ಇದೆ, 7 ಸೆಕೆಂಡ್. ವಿವಿಪ್ಯಾಟ್ ಗಾಜಿನ ಹಿಂದೆ ದೀಪ ಹತ್ತಿ ಚೀಟಿ ಕಾಣುತ್ತದೆ, ಕನ್ನಡಕ ಹುಡುಕುವಷ್ಟರಲ್ಲಿ ದೀಪ ಆರಿ ಕೆಳಗೆ ಬೀಳುತ್ತದೆ. ಇನ್ನು ಅಭ್ಯರ್ಥಿಯ ಹೆಂಡತಿಯ ಮೈಮೇಲೆ ಎಷ್ಟು ಗ್ರಾಂ ಬಂಗಾರ ಇದೆ ಅನ್ನೋದು ಪ್ರಮಾಣಪತ್ರದಲ್ಲಿದೆ, ಯಾರು ಬೇಕಾದರೂ ಓದಬಹುದು. ಅದೂ ಯಾರೋ ದಯಪಾಲಿಸಿದ್ದಲ್ಲ, ಇಂಥದೇ ಮಾಸ್ತರ ಬುದ್ಧಿಯ ಜನ ಕೋರ್ಟಿಗೆ ಅಲೆದು 2002, 2003ರಲ್ಲಿ ಪಡೆದದ್ದು. ಒಂದು ಕ್ಯಾಮೆರಾದ ಬಾಡಿಗೆ ಮಾತ್ರ ಬಂಗಾರಕ್ಕಿಂತ ಗುಟ್ಟಿನ ಒಡವೆ.

ಚಹಾದಂಗಡಿಯಲ್ಲಿ ಇದನ್ನೆಲ್ಲ ಮಾತಾಡುವಾಗ ಒಬ್ಬರು, “ಬಿಡ್ರೀ, ಮಷಿನ್ ಹೋಗಿ ಕಾಗದ ಬರ್ತೈತಿ” ಅಂದರು. ಹೌದು, ಸ್ಥಳೀಯ ಸಂಸ್ಥೆಗಳಿಗೆ ಮತಪತ್ರ ತರೋಣ ಅಂತ ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿತು. ಜಿಲ್ಲಾ ಪಂಚಾಯಿತಿಗೆ ನಾವು ಅದಕ್ಕೂ ಮೊದಲು ವೋಟು ಹಾಕಿದ್ದು 2016ರಲ್ಲಿ. 2021ಕ್ಕೆ ಅವಧಿ ತೀರಿತು. ಮದುವೆಯ ಮುಹೂರ್ತವೇ ಗೊತ್ತಿಲ್ಲ, ಊಟಕ್ಕೆ ಸ್ಟೀಲ್ ತಟ್ಟೆಯೋ ಪತ್ರೋಳಿಯೋ ಅಂತ ಬೀಗರು ಜಗಳಕ್ಕೆ ನಿಂತ ಹಾಗಾಯಿತು. ಹಾಗೆ ನೋಡಿದರೆ ಚುನಾವಣೆಯ ಸುರಕ್ಷತೆಗೆ ಇದಕ್ಕಿಂತ ಗಟ್ಟಿ ದಾರಿ ಇಲ್ಲ. ನಡೆಸದೇ ಇದ್ದ ಚುನಾವಣೆಯನ್ನು ಹ್ಯಾಕ್ ಮಾಡುವವನು ಇನ್ನೂ ಹುಟ್ಟಿಲ್ಲ.

ಮಾಸ್ತರರ ಲಕೋಟೆ ಬಂದ ಸಂಜೆ ನಾನೂ ಅವರ ಮನೆಯಲ್ಲಿದ್ದೆ. ಫೋನ್ ಬಾರಿಸಿತು. ಗೊತ್ತಿಲ್ಲದ ನಂಬರು.

“ಮಾಸ್ತರ, ನಮಸ್ಕಾರ್ರೀ. ನಮ್ಮ ಕ್ಯಾಮೆರಾ ಬಿಲ್ಲಿನ ಬಗ್ಗೆ ಅರ್ಜಿ ಹಾಕೀರಂತಲ್ಲ?”

ಮಾಸ್ತರರು ಸ್ಪೀಕರ್ ಹಾಕಿ, ಕಾಕಿಯ ಪೆನ್ಸಿಲು ಕೇಳಿ ಇಸಿದುಕೊಂಡರು. “ಯಾರಪಾ ನೀ? ನನ್ನ ನಂಬರ್ ಯಾರು ಕೊಟ್ರು?”

“ಅರ್ಜಿ ಮ್ಯಾಲ ಇತ್ತಲ್ರೀ. ಅಡ್ರೆಸ್ಸೂ ಐತಿ, ನಿಮ್ಮ ಮನಿ ಮುಂದ ಬೇವಿನ ಗಿಡ ಐತಲ್ಲ? ನಾಳೆ ಬಂದ ಭೇಟಿ ಆಗ್ತೇನ್ರಿ.”

“ಬಾ ಬಾ. ಚಾ ಕುಡಿಯೋಣು. ಹೆಸರೇನಂದಿ?”

ಅವನು ಹೆಸರು ಹೇಳಿದ. ಊರು ಹೇಳಿದ. ಅಂಗಡಿಯ ಹೆಸರು, ಯಾವ ಯಾವ ಊರಿನ ಮತಗಟ್ಟೆ ಹಿಡಿದಿದ್ದ, ಬಿಲ್ಲು ಎಷ್ಟಾಯಿತು, ಅದರಲ್ಲಿ ಎಷ್ಟು ಇನ್ನೂ ಬಾಕಿ ಇದೆ ಅಂತ ಗೋಳಾಡಿಕೊಂಡ. ಮಾಸ್ತರರು ಆ ಲಕೋಟೆಯ ಹಿಂದೆಯೇ ಎಲ್ಲಾ ಬರೆದುಕೊಂಡರು. ಕೊನೆಗೆ ಅವನ ದನಿ ಸಣ್ಣದಾಯಿತು.

“ನಾ ಹೇಳೀನಿ ಅಂತ ಆ ಕಚೇರಿಯವರಿಗೆ ಮಾತ್ರ ಗೊತ್ತಾಗಬಾರದು ನೋಡ್ರಿ.”

“ಛೇ, ಛೇ,” ಅಂದರು ಮಾಸ್ತರರು. “ಖಾಸಗಿ ಮಾಹಿತಿ ಬಿಡಪಾ.”