ನಮ್ಮೂರಲ್ಲೇ ಆಡ್ತಾರೆ, ನಮ್ಮೂರ ತಂಡ ಅಲ್ಲ

ಸುದ್ದಿ ನೋಡಿದಿರಲ್ಲ. ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡ ತನ್ನ 81 ತವರಿನ ಆಟಗಳಲ್ಲಿ ಆರನ್ನು 2026ರ ಜೂನ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಆಡುತ್ತದಂತೆ. ತವರಿನ ಆಟ, ಆದರೆ ತವರಲ್ಲಿ ಅಲ್ಲ. ಹಾಗಾದರೆ ತವರು ಯಾವುದು? ಲಾಸ್ ವೇಗಸ್‌ನಲ್ಲಿ ಹೊಸ ಸ್ಟೇಡಿಯಂ ಎದ್ದು ತಂಡ ಅಲ್ಲಿಗೇ ಹೋಗುವವರೆಗೆ, ಸದ್ಯಕ್ಕೆ ಕ್ಯಾಲಿಫೋರ್ನಿಯಾದ ನಮ್ಮ ಸ್ಯಾಕ್ರಮೆಂಟೊ. ಅದನ್ನೂ ಗಟ್ಟಿಯಾಗಿ ಹೇಳುವ ಹಾಗಿಲ್ಲ. ಯಾಕೆಂದರೆ ತಂಡದ ಹೆಸರಲ್ಲಿ ಊರೇ ಇಲ್ಲ. ಬರೀ ಅಥ್ಲೆಟಿಕ್ಸ್.

ಮೂವತ್ತು ತಂಡಗಳ ಮೇಜರ್ ಲೀಗ್ ಇದು. ಇಪ್ಪತ್ತೆಂಟಕ್ಕೆ ಒಂದು ಊರೋ ರಾಜ್ಯವೋ ಇದೆ. ಫ್ಲಾರಿಡಾದ ಒಂದು ತಂಡ ಯಾವ ಊರಿನ ಹೆಸರೂ ಬೇಡ ಅಂತ ಟ್ಯಾಂಪಾ ಕೊಲ್ಲಿಯ ಹೆಸರನ್ನೇ ಇಟ್ಟುಕೊಂಡಿದೆ. ಇರಲಿ, ಸಮುದ್ರವಾದರೂ ಇದೆ. ಏನೂ ಇಲ್ಲದ ಒಂದೇ ತಂಡ ನಮ್ಮ ಪಾಲಿಗೆ ಬಂದಿದೆ.

ಛತ್ರ ಬಾಡಿಗೆಗೆ ಹಿಡಿದು ಮದುವೆ ಮಾಡುವವರೂ ಲಗ್ನಪತ್ರಿಕೆಯಲ್ಲಿ ಛತ್ರದ ಹೆಸರು ಹಾಕುತ್ತಾರೆ ಸ್ವಾಮಿ. ಇವರು ಅದನ್ನೂ ಹಾಕಲಿಲ್ಲ.

ನಮ್ಮ ಕಡೆಯವರಿಗೆ ಇದು ಸ್ವಲ್ಪ ಜಾಸ್ತಿನೇ ಉರಿಯುತ್ತದೆ. ನಮಗೆ ಹೆಸರಿಗಿಂತ ಊರು ಮೊದಲು. ಎಚ್.ಡಿ. ದೇವೇಗೌಡರ ಎಚ್ ಅಂದರೆ ಹರದನಹಳ್ಳಿ. ಯಡಿಯೂರಪ್ಪನವರ ಇನಿಶಿಯಲ್ಲಿನಲ್ಲಿ ಬೂಕನಕೆರೆ, ಹೆಸರಿನಲ್ಲಿ ಯಡಿಯೂರು, ಒಬ್ಬರಿಗೇ ಎರಡೆರಡು ಊರು. ಅಮೆರಿಕಕ್ಕೆ ಬಂದ ಮೇಲೆ ಪಾಸ್‌ಪೋರ್ಟಿನ ಗೊಂದಲದಲ್ಲಿ ಊರೇ ಫಸ್ಟ್ ನೇಮ್ ಆಗಿ ಕೂತುಬಿಡುತ್ತದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಹುಡುಗಿ "ಚನ್ನ... ಚನ್ನರಾ..." ಅಂತ ಅರ್ಧಕ್ಕೇ ಸೋತು ಸುತ್ತ ನೋಡುತ್ತಾಳೆ. ಚನ್ನರಾಯಪಟ್ಟಣದ ನಮ್ಮ ಗೆಳೆಯರು "ನಾನೇ, ನಾನೇ" ಅಂತ ಎದ್ದು ಹೋಗುತ್ತಾರೆ. ಅವರ ನಿಜವಾದ ಹೆಸರು ಆ ಕ್ಲಿನಿಕ್ಕಿನಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹಾಗಂತ ಊರನ್ನು ಹೆಸರಿನಿಂದ ಕಿತ್ತು ಹಾಕಿದ್ದಾರಾ? ಇಲ್ಲ.

ಈ ತಂಡ ನೋಡಿ. 1901ರಲ್ಲಿ ಫಿಲಡೆಲ್ಫಿಯಾ, 1955ರಲ್ಲಿ ಕ್ಯಾನ್ಸಸ್ ಸಿಟಿ, 1968ರಲ್ಲಿ ಓಕ್ಲೆಂಡ್. ಹೋದಲ್ಲೆಲ್ಲ ಆ ಊರಿನ ಹೆಸರು ಇಟ್ಟುಕೊಂಡಿತ್ತು. ಸ್ಯಾಕ್ರಮೆಂಟೊಗೆ ಬಂದಾಗ ಮಾತ್ರ ನಾಚಿಕೆಯಾಯಿತು. ಅಂಗಿಯ ಒಂದು ತೋಳಿಗೆ ಸ್ಯಾಕ್ರಮೆಂಟೊ ಬಿಲ್ಲೆ, ಇನ್ನೊಂದು ತೋಳಿಗೆ ಲಾಸ್ ವೇಗಸ್ ಬಿಲ್ಲೆ. ಒಂದು ತೋಳು ಇಲ್ಲಿ ಊಟ ಮಾಡುತ್ತಿದೆ, ಇನ್ನೊಂದು ಅಲ್ಲಿ ಎಲೆ ಹಾಕಿಸುತ್ತಿದೆ.

ಇಷ್ಟಾದರೂ ನಮ್ಮೂರಿನ ಆಸೆ ನೋಡಬೇಕು ನೀವು. ಲೀಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ 2029ರ ಜನವರಿಯಲ್ಲಿ ನಿವೃತ್ತಿ ಆಗುತ್ತಾರೆ. ಅಷ್ಟರೊಳಗೆ ಇನ್ನೂ ಎರಡು ಹೊಸ ತಂಡಗಳ ಊರು ಗೊತ್ತು ಮಾಡಬೇಕು ಅನ್ನೋದು ಅವರ ಇಷ್ಟ. ಅದಕ್ಕೆ ನಮ್ಮವರ ಲೆಕ್ಕ ಹೀಗಿದೆ. ಈಗ ಅಥ್ಲೆಟಿಕ್ಸನ್ನು ಚೆನ್ನಾಗಿ ನೋಡಿಕೊಳ್ಳೋಣ. ಆಟಕ್ಕೆ ಹೋಗೋಣ, ಚಪ್ಪಾಳೆ ಹೊಡೆಯೋಣ, ಬಿಸಿಲಲ್ಲಿ ಕೂತು ಬೇಯೋಣ. ಲೀಗ್‌ನವರು ಮೆಚ್ಚಿ ನಮಗೇ ಒಂದು ಸ್ವಂತ ತಂಡ ಕೊಡುತ್ತಾರೆ. ಬಾಸ್ಕೆಟ್‌ಬಾಲಿನ ಕಿಂಗ್ಸ್ ತಂಡದ ಒಡೆಯ, ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಅವರ ಲೆಕ್ಕವೂ ಇದೇ. ಮೈದಾನ ಅವರದ್ದೇ. ಅಥ್ಲೆಟಿಕ್ಸ್‌ನಿಂದ ಬಾಡಿಗೆ ತಗೊಳ್ಳುತ್ತಿಲ್ಲ.

ಹೌದು, ಬಾಡಿಗೆ ಇಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ನಮ್ಮ ಕಡೆ ಯುಗಾದಿ ಮಾಡಬೇಕಾದರೆ ಯಾವುದಾದರೂ ಹೈಸ್ಕೂಲಿನ ಹಾಲ್ ಹಿಡಿಯಬೇಕು. ಗಂಟೆ ಲೆಕ್ಕದಲ್ಲಿ ಬಾಡಿಗೆ. ಅದರ ಮೇಲೆ ಕ್ಲೀನಿಂಗ್ ಡೆಪಾಸಿಟ್. ಅದರ ಮೇಲೆ ಇನ್ಶೂರೆನ್ಸ್ ಸರ್ಟಿಫಿಕೇಟ್. ಒಳಗೆ ಬಿಸಿ ಅಡುಗೆ ಮಾಡುವ ಹಾಗಿಲ್ಲ, ಸ್ಟೇಜಿನ ಮೇಲೆ ದೀಪ ಹಚ್ಚುವ ಹಾಗಿಲ್ಲ. ಬ್ಯಾಟರಿ ದೀಪ ಬೆಳಗಿಸಿ ಉದ್ಘಾಟನೆ ಮಾಡುವ ಅತಿಥಿಗಳ ಮುಖ ನೀವು ನೋಡಬೇಕು, ಸ್ವಿಚ್ ಎಲ್ಲಿದೆ ಅಂತ ಹುಡುಕುತ್ತಿರುತ್ತಾರೆ. ಒಬ್ಬಟ್ಟಿನ ತುಪ್ಪ ನೆಲಕ್ಕೆ ಬಿತ್ತು ಅಂತ ಡೆಪಾಸಿಟ್ಟಿನಲ್ಲಿ ಮುರಿದುಕೊಳ್ಳುತ್ತಾರೆ. ಬೇವು ಬೆಲ್ಲ ತಿನ್ನೋಕೆ ಬಂದವರು ಇಷ್ಟು ಕಟ್ಟಬೇಕು. ಅಥ್ಲೆಟಿಕ್ಸ್‌ನ ಒಡೆಯ ಜಾನ್ ಫಿಶರ್ ಸುಮ್ನೆ ಬಂದು ಆಡಿಸಬಹುದು. ಅವರು ಗ್ಯಾಪ್ ಬಟ್ಟೆ ಕಂಪನಿ ಕಟ್ಟಿದವರ ಮಗ. ಪಾಪ, ಕಷ್ಟದಲ್ಲಿರಬೇಕು.

ನಮ್ಮೂರಿನ ಮೊದಲ ಆಟ 2025ರ ಮಾರ್ಚ್ 31ಕ್ಕೆ. ಶಿಕಾಗೊ ಕಬ್ಸ್ ವಿರುದ್ಧ. ಊರಿಗೆ ಊರೇ ಸಡಗರ. 18-3ರಲ್ಲಿ ಸೋತರು. ಸುಮಾರು 14,000 ಜನ ಹಿಡಿಯುವ ಸಣ್ಣ ಮೈದಾನ ಅದು, ಕೆಳಗಿನ ಲೀಗಿನ ರಿವರ್ ಕ್ಯಾಟ್ಸ್ ಹುಡುಗರು ಆಡುವ ಜಾಗ. ಡ್ರೆಸ್ಸಿಂಗ್ ರೂಮು ಮೈದಾನದ ಆಚೆ ತುದಿಯಲ್ಲಿದೆ. ಕೋಟಿಗಟ್ಟಲೆ ಸಂಬಳದ ಆಟಗಾರರು ಔಟಾದ ಮೇಲೆ ಬಾತ್‌ರೂಮಿಗೆ ಹೋಗಬೇಕಾದರೆ ಹೊರಗೆಲ್ಲ ನಡೆದು ಹೋಗಬೇಕು ಅಂತ ಪತ್ರಿಕೆಯವರು ತಮಾಷೆ ಮಾಡಿದರು. ಮೊದಲು ಪ್ಲಾಸ್ಟಿಕ್ ಹುಲ್ಲು ಹಾಸುವ ಯೋಚನೆ ಇತ್ತು. 40 ಡಿಗ್ರಿ ಬಿಸಿಲಲ್ಲಿ ಕಾಲು ಸುಡುತ್ತದೆ ಅಂತ ಯಾರೋ ಹೇಳಿದ ಮೇಲೆ ಕೈಬಿಟ್ಟರು. ಇನ್ನೊಂದು ಮಜಾ. ಈ ಮೈದಾನ ಇರುವುದು ಸ್ಯಾಕ್ರಮೆಂಟೊದಲ್ಲೇ ಅಲ್ಲ, ನದಿಯಾಚೆಯ ವೆಸ್ಟ್ ಸ್ಯಾಕ್ರಮೆಂಟೊದಲ್ಲಿ. ಅದು ಬೇರೆ ಊರು, ಬೇರೆ ಕೌಂಟಿ. ತಂಡ ನಮ್ಮ ಹೆಸರು ಹೇಳಲ್ಲ ಅಂತ ನಾವು ಅಳುತ್ತಿದ್ದೇವೆ. ವೆಸ್ಟ್ ಸ್ಯಾಕ್ರಮೆಂಟೊದವರು ನಮ್ಮನ್ನು ನೋಡಿ ಏನು ಅಂದುಕೊಳ್ಳುತ್ತಿರಬಹುದು?

ಓಕ್ಲೆಂಡ್‌ನವರ ಹತ್ತಿರ ಹೋಗಿ ಕೇಳಿದ್ದರೆ ಈ ಆಸೆಗೆಲ್ಲ ಔಷಧಿ ಸಿಗುತ್ತಿತ್ತು. ಕಾರಿನಲ್ಲಿ ಒಂದೂವರೆ ಗಂಟೆ ದಾರಿ, ಅಷ್ಟೇ. 56 ವರ್ಷ ಆ ತಂಡವನ್ನು ಹೊತ್ತು ಮೆರೆಸಿದವರು ಅವರು. ಕೊಲಿಸಿಯಂ ಮೈದಾನ ಹಳೇದಾಗಿತ್ತು, ನಿಜ. 2013ರಲ್ಲಿ ಚರಂಡಿ ನೀರು ಆಟಗಾರರ ಕೋಣೆಗೇ ನುಗ್ಗಿತು. 2023ರಲ್ಲಿ ಎದುರಾಳಿ ತಂಡದ ಕಾಮೆಂಟರಿಯವರ ಕೋಣೆಯಲ್ಲಿ ಪಾಸಮ್ ಅನ್ನೋ ಪ್ರಾಣಿ ಸಂಸಾರ ಹೂಡಿತು. ರಿಪೇರಿ ಮಾಡದೆ, ಒಳ್ಳೆ ಆಟಗಾರರನ್ನೆಲ್ಲ ಮಾರಿ, ಟಿಕೆಟ್ ದರ ಏರಿಸಿ, ಆಮೇಲೆ "ನೋಡಿ, ಜನ ಬರ್ತಾ ಇಲ್ಲ" ಅನ್ನುವುದು. ಎಂಥ ಜಾಣತನ!

2023ರ ಜೂನ್ 13ಕ್ಕೆ ಜನ ಬಂದರು. ಬೇಕಂತಲೇ ಬಂದರು. 27,759 ಜನ. ಮೈಮೇಲೆ ಹಸಿರು ಟೀ ಶರ್ಟ್, ಎದೆಯ ಮೇಲೆ ಒಂದೇ ಪದ: ಮಾರು. ಬಟ್ಟೆ ಮಾರಿ ಬೆಳೆದ ಮನೆತನದ ಮಗನಿಗೆ ಜನ ಬಟ್ಟೆ ಮೇಲೇ ಬರೆದು ಹೇಳಿದರು. ಮಾರಲಿಲ್ಲ. ಒಂದು ರಾತ್ರಿಯಾದರೂ ಉಳಿದ ಮೈದಾನಗಳ ಸರಾಸರಿ ಹತ್ತಿರಕ್ಕೆ ಜನ ಸೇರಿದ್ದು ಸಂತೋಷ ಅನ್ನೋ ಅರ್ಥದ ಮಾತು ಕಮಿಷನರ್ ಬಾಯಿಂದ ಬಂತು. ಅದೇ ನವೆಂಬರ್‌ನಲ್ಲಿ ಲೀಗಿನ ತಂಡಗಳ ಒಡೆಯರು ಕೂತು ಅಥ್ಲೆಟಿಕ್ಸ್ ಲಾಸ್ ವೇಗಸ್‌ಗೆ ಹೋಗಲಿ ಅಂತ ವೋಟು ಹಾಕಿದರು. 30-0. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗೇಟಿಗೆ ಯಾವ ಬಣ್ಣ ಅನ್ನೋದಕ್ಕೂ ಇಷ್ಟು ಒಮ್ಮತ ಬಂದಿಲ್ಲ. 2024ರ ಸೆಪ್ಟೆಂಬರ್ 26ಕ್ಕೆ ಓಕ್ಲೆಂಡ್‌ನಲ್ಲಿ ಕೊನೆಯ ಆಟ. 46,889 ಜನ. ಗೆದ್ದರು, ಹೋದರು.

ಆ ಕೊಲಿಸಿಯಂ ಖಾಲಿ ಬಿತ್ತಲ್ಲ, ಅಲ್ಲಿಗೆ ಮುಂದಿನ ಜೂನ್‌ನಲ್ಲಿ ಬಂದಿದ್ದು ಯಾರು ಗೊತ್ತಾ? ಕ್ರಿಕೆಟ್. ಮೇಜರ್ ಲೀಗ್ ಕ್ರಿಕೆಟ್‌ನ 2025ರ ಮೊದಲ ಆಟವೇ ಅಲ್ಲಿ ನಡೆಯಿತು. ನ್ಯೂಜಿಲೆಂಡಿನ ಫಿನ್ ಆಲೆನ್ 51 ಎಸೆತಕ್ಕೆ 151 ಹೊಡೆದ. 19 ಸಿಕ್ಸರ್! ಟಿ20ಯಲ್ಲಿ ಹಿಂದೆ ಯಾರೂ ಒಂದೇ ಇನಿಂಗ್ಸಿನಲ್ಲಿ ಅಷ್ಟು ಹೊಡೆದಿರಲಿಲ್ಲ. ಬೇ ಏರಿಯಾದ ನಮ್ಮ ಜನಕ್ಕೆ ಹಬ್ಬ. ಬೇಸ್‌ಬಾಲಿನವರು ಹೋಮ್ ರನ್ ಹೊಡೆದ ಜಾಗದಿಂದ ಚೆಂಡು ಆಕಾಶಕ್ಕೆ ಹೋಗುತ್ತಿದ್ದರೆ ಬೆಂಗಳೂರಿನ ಹುಡುಗರು ಎದ್ದು ಕುಣಿಯುತ್ತಿದ್ದರು. ಆಲೆನ್ ಆಡಿದ ತಂಡದ ಹೆಸರು? ಸ್ಯಾನ್ ಫ್ರಾನ್ಸಿಸ್ಕೊ ಯೂನಿಕಾರ್ನ್ಸ್. ಮೈದಾನ ಓಕ್ಲೆಂಡ್, ಹೆಸರು ಕೊಲ್ಲಿಯಾಚೆಯ ಊರಿನದು. ಓಕ್ಲೆಂಡ್‌ನ ಹಣೆಬರಹ ನೋಡಿ. ಬ್ಯಾಸ್ಕೆಟ್‌ಬಾಲಿನ ವಾರಿಯರ್ಸ್ 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಯಿತು, ಫುಟ್‌ಬಾಲಿನ ರೈಡರ್ಸ್ 2020ರಲ್ಲಿ ಲಾಸ್ ವೇಗಸ್‌ಗೆ ಹೋಯಿತು, ಬಂದ ಕ್ರಿಕೆಟ್ಟೂ ಬೇರೆಯವರ ಹೆಸರಲ್ಲಿ ಬಂತು.

ಬೇಸ್‌ಬಾಲ್ ಲೀಗಿನ ಗುಟ್ಟು ಏನೆಂದರೆ, ಅವರಿಗೆ ತಂಡವಿರುವ ಊರಿಗಿಂತ ತಂಡವಿಲ್ಲದ ಊರೇ ಜಾಸ್ತಿ ಲಾಭ. ಆಸೆಪಡುವ ಊರೊಂದು ದೂರದಲ್ಲಿ ಕೂತಿರಬೇಕು. ಆಗ ತಂಡವಿರುವ ಊರನ್ನು ಹೆದರಿಸಬಹುದು. ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್ 1990ರಲ್ಲಿ ತಂಡವೇ ಇಲ್ಲದೆ ಒಂದು ದೊಡ್ಡ ಡೋಮ್ ಕಟ್ಟಿ ಮುಗಿಸಿತು. ಕಟ್ಟಿದರೆ ಬರುತ್ತಾರೆ ಅಂತ ನಂಬಿಕೆ. ಅದು ಮೇಲೇಳುತ್ತಿದ್ದಾಗಲೇ ಶಿಕಾಗೊ ವೈಟ್ ಸಾಕ್ಸ್ "ನಾವು ಫ್ಲಾರಿಡಾಕ್ಕೆ ಹೋಗ್ತೀವಿ" ಅಂದಿತು. 1988ರ ಜೂನ್ 30ರ ರಾತ್ರಿ ಶಿಕಾಗೊ ಇರುವ ಇಲಿನಾಯ್ ರಾಜ್ಯದ ಶಾಸಕರು ಹನ್ನೆರಡು ಗಂಟೆಯೊಳಗೆ ಸ್ಟೇಡಿಯಂ ಮಸೂದೆ ಪಾಸು ಮಾಡಬೇಕಿತ್ತು. ಆಗಲಿಲ್ಲ. ಏನು ಮಾಡಿದರು? ಸದನದ ಗಡಿಯಾರ ನಿಲ್ಲಿಸಿದರು! ಹೊರಗೆ ಜುಲೈ ಬಂತು, ಒಳಗೆ ಇನ್ನೂ ಜೂನ್. ಸ್ಟೇಡಿಯಂಗೆ ಸರ್ಕಾರದ ದುಡ್ಡು ಸಿಕ್ಕಿತು. ತಂಡ ಶಿಕಾಗೊದಲ್ಲೇ ಉಳಿಯಿತು. ಸೇಂಟ್ ಪೀಟರ್ಸ್‌ಬರ್ಗ್‌ಗೆ ತಂಡ ಬಂದು ಆಡಿದ್ದು 1998ರಲ್ಲಿ. ಆ ಡೋಮಿನ ಛಾವಣಿಯನ್ನು 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಚಂಡಮಾರುತ ಹರಿದು ಹಾಕಿತು. ಮುಂದಿನ ವರ್ಷ ಆ ತಂಡ ಟ್ಯಾಂಪಾದಲ್ಲಿ ಯಾಂಕೀಸ್ ತಂಡದ ಅಭ್ಯಾಸದ ಮೈದಾನದಲ್ಲಿ ಆಡಿತು.

ಇದನ್ನೆಲ್ಲ ಪ್ರಶ್ನೆ ಮಾಡೋಣ ಅಂದರೆ ಕಾನೂನೂ ಅವರ ಕಡೆ. ಬೇಸ್‌ಬಾಲ್ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರವೇ ಅಲ್ಲ, ಏಕಸ್ವಾಮ್ಯದ ಕಾನೂನು ಅದಕ್ಕೆ ಅನ್ವಯಿಸಲ್ಲ ಅಂತ 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದೆ. ವ್ಯಾಪಾರ ಅಲ್ವಂತೆ! ಸೇವೆ ಇರಬೇಕು. ಸ್ಯಾನ್ ಹೋಸೆ ಊರಿನವರು ಈ ಅಥ್ಲೆಟಿಕ್ಸ್ ನಮಗೆ ಬೇಕು ಅಂತ 2013ರಲ್ಲಿ ಕೇಸು ಹಾಕಿದ್ದರು. ಆ ಜಾಗದ ಹಕ್ಕು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ್ದು ಅಂತ ಲೀಗ್ ಕೊಡಲಿಲ್ಲ, ಕೋರ್ಟಿನಲ್ಲೂ ಅದೇ 1922ರ ತೀರ್ಪು ಅಡ್ಡ ಬಂತು. ಆ ಹಕ್ಕನ್ನು ಜೈಂಟ್ಸ್‌ಗೆ ಪುಕ್ಕಟೆ ಬಿಟ್ಟುಕೊಟ್ಟವರು ಅಥ್ಲೆಟಿಕ್ಸ್‌ನ ಹಳೆಯ ಒಡೆಯರೇ. ಆಗ ದೊಡ್ಡ ಮನಸ್ಸು ಮಾಡಿದ್ದರು.

ಇನ್ನು ಲಾಸ್ ವೇಗಸ್. ಅಲ್ಲಿ ನಗು ಬರುವುದಿಲ್ಲ ನನಗೆ. 2023ರ ಜೂನ್‌ನಲ್ಲಿ ನೆವಾಡ ಸರ್ಕಾರ ಈ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡಲು ಒಪ್ಪಿತು. ಅದಕ್ಕಂತಲೇ ವಿಶೇಷ ಅಧಿವೇಶನ ಕರೆದರು. ಆ ರಾಜ್ಯದ ಶಾಲೆಗಳ ತರಗತಿಗಳು ತುಂಬಿ ತುಳುಕುತ್ತಿವೆ. ಮೇಷ್ಟ್ರುಗಳ ಸಂಘ ಬೀದಿಗಿಳಿಯಿತು. ಇದನ್ನು ಜನರ ವೋಟಿಗೆ ಹಾಕಿ ಅಂತ ಅರ್ಜಿ ಹಾಕಿತು. ಅರ್ಜಿ ಬರೆದ ರೀತಿ ಸರಿಯಿಲ್ಲ ಅಂತ 2024ರ ಮೇನಲ್ಲಿ ನೆವಾಡದ ಸುಪ್ರೀಂ ಕೋರ್ಟ್ ಬದಿಗಿಟ್ಟಿತು. ಅಷ್ಟೇ. ಮುಗಿಯಿತು. ಒಬ್ಬ ಶತಕೋಟ್ಯಧಿಪತಿಗೆ ಕೊಡಲು ದುಡ್ಡಿದೆ, ಮಕ್ಕಳಿಗೆ ಮೇಷ್ಟ್ರನ್ನು ಇಡಲು ಇಲ್ಲ. ಸ್ಟೇಡಿಯಂನಿಂದ ಊರು ಉದ್ಧಾರ ಆಗಲ್ಲ ಅಂತ ಅರ್ಥಶಾಸ್ತ್ರಜ್ಞರು ದಶಕಗಳಿಂದ ಹೇಳಿ ಹೇಳಿ ಸುಸ್ತಾಗಿದ್ದಾರೆ. ಯಾರೂ ಕೇಳಲ್ಲ. ನನಗೂ ಸುಸ್ತಾಗಿದೆ. ಓಕ್ಲೆಂಡ್‌ನಲ್ಲಿ ಗೇಟಿನ ಹತ್ತಿರ ನಿಂತು ಟಿಕೆಟ್ ನೋಡುತ್ತಿದ್ದವರು, ಹಾಟ್ ಡಾಗ್ ಮಾರುತ್ತಿದ್ದವರು ಎಲ್ಲಿಗೆ ಹೋದರು ಅಂತ ಆ 30-0ರಲ್ಲಿ ಒಬ್ಬನೂ ಯೋಚಿಸಿರಲಿಕ್ಕಿಲ್ಲ.

ಈಗ ಅದೇ ದಾರಿಯಲ್ಲಿ ಬೇರೆ ಊರುಗಳೂ ಸಾಲಾಗಿ ನಿಂತಿವೆ. ಸಾಲ್ಟ್ ಲೇಕ್ ಸಿಟಿಗೆ ತಂಡ ಬಂದರೆ ಇರಲಿ ಅಂತ ಯೂಟಾ 90 ಕೋಟಿ ಡಾಲರ್‌ವರೆಗೆ ತೆಗೆದಿಡಲು ಒಪ್ಪಿದೆ. ಪೋರ್ಟ್‌ಲೆಂಡ್‌ಗಾಗಿ ಆರೆಗನ್ 80 ಕೋಟಿ ಡಾಲರ್ ಬಾಂಡಿಗೆ ಒಪ್ಪಿದೆ. ನ್ಯಾಶ್‌ವಿಲ್ ಇದೆ, ರಾಲಿ ಇದೆ. ಎರಡು ಕುರ್ಚಿ, ಇಷ್ಟು ಜನ. ಹಾಡು ಹಾಕುವವರು ಲೀಗ್‌ನವರು.

ನಮ್ಮೂರಿಗೆ ಇದರಲ್ಲಿ ಅನುಭವ ಕಡಿಮೆ ಇಲ್ಲ. ನಟೋಮಾಸ್‌ನಲ್ಲಿ ಬಾಸ್ಕೆಟ್‌ಬಾಲ್ ಅರೀನಾದ ಪಕ್ಕ ಎಂಬತ್ತರ ದಶಕದ ಕೊನೆಯಲ್ಲಿ ದೊಡ್ಡ ಸ್ಟೇಡಿಯಂ ಅಂತ ನೆಲ ಅಗೆದು ಅಡಿಪಾಯ ಹಾಕಿದ್ದರು. ತಂಡ ಬರಲಿಲ್ಲ. ಕಾಂಕ್ರೀಟು ಮಾತ್ರ ವರ್ಷಗಟ್ಟಲೆ ಹುಲ್ಲಿನ ನಡುವೆ ಬಿದ್ದಿತ್ತು. 2019ರಲ್ಲಿ ಸಾಕರ್ ಲೀಗ್ ನಮಗೆ ತಂಡ ಕೊಟ್ಟೇಬಿಟ್ಟಿತು. ಪಟಾಕಿ ಹೊಡೆದದ್ದೂ ಆಯಿತು. 2021ರಲ್ಲಿ ದುಡ್ಡು ಹಾಕಬೇಕಾದವರು ಹಿಂದೆ ಸರಿದರು. ಅದೂ ಹೋಯಿತು.

ಅಥ್ಲೆಟಿಕ್ಸ್ ಒಪ್ಪಂದದಲ್ಲಿ ಒಂದು ಸಾಲು ಇದೆ. ಲಾಸ್ ವೇಗಸ್‌ನ ಸ್ಟೇಡಿಯಂ ತಡವಾದರೆ 2028ರಲ್ಲೂ ತಂಡ ಇಲ್ಲೇ ಆಡಬಹುದು. ಅಲ್ಲಿ ಖರ್ಚಿನ ಅಂದಾಜು ಒಂದೂವರೆ ಶತಕೋಟಿ ಡಾಲರಿಂದ ಎರಡು ಶತಕೋಟಿಗೆ ಏರಿದೆ. ನಮ್ಮ ಆಫೀಸಿನ ಬೇಸ್‌ಬಾಲ್ ಭಕ್ತರು ಈಗ ದಿನಾ ಬೆಳಗ್ಗೆ ಕಾಫಿ ಹಿಡಿದು ಆ ಸ್ಟೇಡಿಯಂ ಕೆಲಸದ ವಿಡಿಯೊ ನೋಡುತ್ತಾರೆ. ಕ್ರೇನು ಓಡಾಡುತ್ತಿದ್ದರೆ ಮುಖ ಸಣ್ಣಗಾಗುತ್ತದೆ. ಅಲ್ಲಿ ಸಿಮೆಂಟ್ ಲಾರಿ ಕೆಟ್ಟು ನಿಲ್ಲಲಿ ಅಂತ ಹರಕೆ ಹೊರುವುದೊಂದು ಬಾಕಿ.