ಜಾರನ್ನು ರಾತ್ರಿಯಿಡೀ ನೆನೆಸಬೇಡಿ

ಮಿಕ್ಸಿ ಜಾರು ತೊಳೆಯುವ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಮಿಕ್ಸಿ ಜಾರನ್ನು ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಿ ಅಂದಿದ್ದೀರಲ್ಲ, ಅದೊಂದನ್ನು ನಾನು ಒಪ್ಪುವುದಿಲ್ಲ. ಜಾರಿನ ತಳದಲ್ಲಿ ಬ್ಲೇಡಿನ ಕಡ್ಡಿ ತಿರುಗುವ ಕಡೆ ಬುಷ್ ಅಂತ, ಆ ಕಡ್ಡಿಯನ್ನು ಹಿಡಿದಿಡುವ ಸಣ್ಣ ಕೊಳವೆ ಇರುತ್ತದೆ. ಅಲ್ಲಿ ನೀರು ಸೇರಿದರೆ ಎಣ್ಣೆಯ ಪಸೆ ಹೋಗಿ ತುಕ್ಕು ಹಿಡಿಯುತ್ತದೆ. ನಮ್ಮನೆಯ ಚಟ್ನಿ ಜಾರು ಹೀಗೇ ಕಚ್ಚಿಕೊಂಡಿತ್ತು. ಬ್ಲೇಡು ಕೈಯಲ್ಲಿ ತಿರುಗಿಸಿದರೂ ಅಲ್ಲಾಡಲಿಲ್ಲ. ಕೊನೆಗೆ ರಿಪೇರಿ ಅಂಗಡಿಯಲ್ಲಿ ಬುಷ್ಷನ್ನೇ ಬದಲಿಸಬೇಕಾಯಿತು. ತಳದಿಂದ ಕಪ್ಪು ನೀರು ಜಿನುಗಲು ಶುರುವಾದರೆ ಅದೂ ಬುಷ್ ಸವೆದದ್ದಕ್ಕೇ. ಆ ಜಾರಲ್ಲಿ ರುಬ್ಬಿದ್ದನ್ನು ತಿನ್ನಬೇಡಿ.

ನಾನು ಮಾಡುವುದು ಇಷ್ಟೇ. ರುಬ್ಬಿದ ತಕ್ಷಣ ಕಾಲು ಜಾರು ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು. ಮುಚ್ಚಳ ಒತ್ತಿ ಹಿಡಿದು ಎರಡು ಸಲ ತಿರುಗಿಸಿ, ತೊಳೆದು ಬೋರಲು ಹಾಕುತ್ತೇನೆ. ಕುದಿಯುವ ನೀರು ಮಾತ್ರ ಬೇಡ, ಮುಚ್ಚಳ ಹಾರಬಹುದು.

ಮುಚ್ಚಳದ ರಬ್ಬರ್ ವಾಷರ್ ತೆಗೆದು ನೋಡಿದ್ದೀರಾ? ಬೆಳ್ಳುಳ್ಳಿ ವಾಸನೆಯೆಲ್ಲ ಅಲ್ಲೇ ಇರುತ್ತದೆ! ಅರಿಶಿನದ ಕಲೆಗೆ ಸೋಪು ಉಜ್ಜಿ ಸುಸ್ತಾಗುವ ಬದಲು ಬಿಸಿಲಿಗಿಡಿ, ತಾನಾಗೇ ಮಾಸುತ್ತದೆ. ಕಲ್ಲುಪ್ಪು ತಿರುಗಿಸಿದರೆ ಬ್ಲೇಡು ಚೂಪಾಗುತ್ತದೆ ಅಂತಾರೆ. ನಮ್ಮಲ್ಲಿ ಜಿಡ್ಡು ಹೋಯಿತು ಅಷ್ಟೇ, ಚೂಪೇನೂ ಆಗಲಿಲ್ಲ.

ಇನ್ನೊಂದು ಮಾತು. ದೋಸೆ ಹಿಟ್ಟು ಜಾಸ್ತಿ ತುಂಬಿ ಮಿಕ್ಸಿ ನಿಂತುಹೋದರೆ ಸುಟ್ಟೇಹೋಯಿತು ಅಂತ ಗಾಬರಿ ಬೇಡ. ಸ್ವಿಚ್ ಆರಿಸಿ, ಸ್ವಲ್ಪ ತಣಿಯಲು ಬಿಟ್ಟು, ಮೋಟಾರಿನ ಅಡಿಯಲ್ಲಿರುವ ಕೆಂಪು ಗುಂಡಿ ಒತ್ತಿ ನೋಡಿ.