ರೆಡ್ ಲೈನ್ ಬಿಡಬೇಡಿ

ನಮ್ಮನೆಯವರು 34 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಹೇಳಿದವರು. ‘ಬೋಸ್ಟನ್ ಚಹಾಕೂಟ – ಟಿಪ್ಪಣಿ ಬರೆಯಿರಿ’ ಅನ್ನೋ ಎರಡು ಅಂಕದ ಪ್ರಶ್ನೆ ಅವರ ಪ್ರಶ್ನೆಪತ್ರಿಕೆಯಲ್ಲಿ ತಪ್ಪಿದ ವರ್ಷವೇ ಇರಲಿಲ್ಲ. ಒಮ್ಮೆ ಒಬ್ಬ ಹುಡುಗ ‘ಬೋಸ್ಟನ್ನಿನ ಜನರು ಬ್ರಿಟಿಷರನ್ನು ಚಹಾಕ್ಕೆ ಕರೆದರು. ಬ್ರಿಟಿಷರು ಬರಲಿಲ್ಲ. ಇದರಿಂದ ಕ್ರಾಂತಿಯಾಯಿತು’ ಅಂತ ಬರೆದಿದ್ದನಂತೆ. ಇವರು ಅವನಿಗೂ ಒಂದು ಅಂಕ ಕೊಟ್ಟರು. ಕಾರಣ ತಪ್ಪಾದರೂ ಪರಿಣಾಮ ಸರಿಯಾಗಿ ಬರೆದಿದ್ದಾನಲ್ಲ ಅಂತ.

ಹೀಗಾಗಿ ಮಗನಿಗೆ ಕೆಲಸ ಸಿಕ್ಕಿದ್ದು ಅಮೆರಿಕದಲ್ಲಿ ಅಂದಾಗ ಇವರ ಮುಖ ಸಪ್ಪಗಿತ್ತು, ಊರು ಬೋಸ್ಟನ್ ಪಕ್ಕದ ಕೇಂಬ್ರಿಡ್ಜ್ ಅಂದ ತಕ್ಷಣ ಅರಳಿತು. ಅಕ್ಟೋಬರಿನಲ್ಲಿ ನಾವು ಹೋಗಿ ಇಳಿದ ನಾಲ್ಕನೇ ದಿನಕ್ಕೇ ಮಗ ‘ಫ್ರೀಡಂ ಟ್ರೇಲ್’ ಅನ್ನೋ ಕಾಲ್ನಡಿಗೆ ಪ್ರವಾಸಕ್ಕೆ ಎರಡು ಟಿಕೆಟ್ ತೆಗೆದಿಟ್ಟಿದ್ದ. ಅವನಿಗೆ ಮೀಟಿಂಗ್, ಸೊಸೆಗೂ ಮೀಟಿಂಗ್. ಶೂ ಲೇಸ್ ಕಟ್ಟುತ್ತಿದ್ದ ಅಪ್ಪನಿಗೆ ಬಾಗಿಲಲ್ಲೇ ಪಾಠ ಆಯಿತು.

“ಅಪ್ಪಾ, ಇಲ್ಲಿಂದ ರೆಡ್ ಲೈನ್ ಟ್ರೇನು. ಪಾರ್ಕ್ ಸ್ಟ್ರೀಟಲ್ಲಿ ಇಳೀರಿ. ಮೇಲೆ ಬಂದ್ರೆ ಪಾರ್ಕು, ಅಲ್ಲೇ ಗೈಡ್ ಸಿಗ್ತಾರೆ. ಆಮೇಲೆ ನೆಲದ ಮೇಲೆ ಒಂದು ರೆಡ್ ಲೈನ್ ಇರತ್ತೆ. ಏನೇ ಆಗ್ಲಿ, ಆ ರೆಡ್ ಲೈನ್ ಬಿಡಬೇಡಿ.”

ಒಂದೇ ಉಸಿರಿನಲ್ಲಿ ಎರಡು ರೆಡ್ ಲೈನ್ ಬಂತಲ್ಲ ಅಂತ ಆಗಲೇ ನನಗೆ ಹೊಳೆಯಬೇಕಿತ್ತು. ನಾನು ಫ್ಲಾಸ್ಕಿನ ಮುಚ್ಚಳ ಭದ್ರವಾಗಿದೆಯಾ ಅಂತ ನೋಡುತ್ತಿದ್ದೆ. ಸೊಸೆ ಶುಂಠಿ ಜಜ್ಜಿ ಹಾಕಿ ಟೀ ಮಾಡಿ ತುಂಬಿಸಿದ್ದಳು. ಆ ಚಳಿಗೆ ಟೀ ಇಲ್ಲದೆ ಹೊರಡೋದು ಛತ್ರಿ ಇಲ್ಲದೆ ಆಗುಂಬೆಗೆ ಹೋದ ಹಾಗೆ.

ಗೈಡ್ ಅಂದರೆ ಕುತ್ತಿಗೆಗೆ ಕಾರ್ಡ್ ನೇತುಹಾಕಿಕೊಂಡ ಯಾರೋ ಹುಡುಗ ಅಂದುಕೊಂಡಿದ್ದೆ. ಬೋಸ್ಟನ್ ಕಾಮನ್ ಪಾರ್ಕಿನಲ್ಲಿ ನಮಗಾಗಿ ಕಾಯುತ್ತಿದ್ದವನು ಕಂಪನಿ ನಾಟಕದ ಬಣ್ಣದ ಮನೆಯಿಂದ ನೇರವಾಗಿ ಎದ್ದು ಬಂದವನ ಹಾಗಿದ್ದ. ಮೂರು ಮೂಲೆಯ ಟೋಪಿ, ಮಂಡಿಗೆ ನಿಲ್ಲುವ ಚಡ್ಡಿ, ಬಿಳಿ ಕಾಲುಚೀಲ, ಹಿತ್ತಾಳೆ ಬಕ್ಕಲ್ಲಿನ ಬೂಟು. ನನ್ನ ಸೀರೆ ಕೆಳಗಿನ ಸ್ಪೋರ್ಟ್ಸ್ ಶೂ ಬಗ್ಗೆ ಬೆಳಗಿನಿಂದ ಇದ್ದ ಸಂಕೋಚ ಅವನನ್ನು ನೋಡಿದ ಕೂಡಲೇ ಹೋಯಿತು.

ಅವನು ಮೊದಲು ಕಲಿಸಿದ್ದೇ ಜಯಕಾರ. ಸ್ವಾತಂತ್ರ್ಯದ ಮಾತು ಬಂದಾಗಲೆಲ್ಲ ಕೈ ಎತ್ತಿ “ಹುಝಾ!” ಅನ್ನಬೇಕಂತೆ. ಅವರ ಕಾಲದ ‘ಜೈ’. ನಮ್ಮನೆಯವರು ಶಿಸ್ತಿನ ಮನುಷ್ಯ, ಎಲ್ಲರಿಗಿಂತ ಜೋರಾಗಿ ಕೂಗಿದರು. ಮೈಸೂರಿನ ನಾಲಿಗೆಗೆ ಅದು “ಹುಷಾರ್!” ಅಂತಲೇ ಹೊರಳುವುದು. ಮೊದಲ ಸಲ ನಾನು ಗಾಬರಿಯಾಗಿ ಕಾಲಡಿ ನೋಡಿಕೊಂಡೆ.

ಕಾಲಡಿ ಇದ್ದದ್ದು ಆ ಗೆರೆ. ಕೆಲವು ಕಡೆ ಕೆಂಪು ಇಟ್ಟಿಗೆ, ಕೆಲವು ಕಡೆ ಬರೀ ಬಣ್ಣ. ಊರೊಳಗೆ ನಾಲ್ಕು ಕಿಲೋಮೀಟರ್, ಒಟ್ಟು 16 ಜಾಗ. 1951ರಲ್ಲಿ ವಿಲಿಯಂ ಸ್ಕೋಫೀಲ್ಡ್ ಅನ್ನೋ ಪತ್ರಕರ್ತರು ಈ ಹಳೇ ಜಾಗಗಳನ್ನೆಲ್ಲ ಒಂದೇ ದಾರಿಯಲ್ಲಿ ಪೋಣಿಸಿ ಅಂತ ಸೂಚಿಸಿದರಂತೆ. ನೋಡಲು ಬಂದವರು ದಾರಿ ತಪ್ಪಬಾರದು ಅಂತ. ಪಾಪ, ಅವರಿಗೆ ನಮ್ಮನೆಯವರ ಪರಿಚಯ ಇರಲಿಲ್ಲ.

ಚಿನ್ನದ ಗುಮ್ಮಟದ ಸ್ಟೇಟ್ ಹೌಸನ್ನು ದೂರದಿಂದಲೇ ನೋಡಿ ಗ್ರೇನರಿ ಸ್ಮಶಾನಕ್ಕೆ ಬಂದೆವು. 1660ರದ್ದು. ಕ್ರಾಂತಿಯ ಮುಂದಾಳುಗಳಾದ ಸ್ಯಾಮ್ಯುಯೆಲ್ ಆಡಮ್ಸ್, ಜಾನ್ ಹ್ಯಾನ್‌ಕಾಕ್, ಪಾಲ್ ರಿವಿಯರ್ ಎಲ್ಲ ಇಲ್ಲೇ ಮಲಗಿದ್ದಾರೆ. ಬೆಳಿಗ್ಗೆ ಹತ್ತೂವರೆಗೆ ಮಡಿಸೀರೆಯಲ್ಲದಿದ್ದರೂ ಒಗೆದ ಸೀರೆ ಉಟ್ಟುಕೊಂಡು ಸ್ಮಶಾನ ಸುತ್ತುತ್ತಿದ್ದೇನೆ ಅಂತ ನಮ್ಮತ್ತೆಗೆ ಗೊತ್ತಾದರೆ ಸ್ವರ್ಗದಿಂದಲೇ ತಲೆಮೇಲೆ ನೀರು ಸುರಿಯುತ್ತಿದ್ದರು. ಇವರು ಮಾತ್ರ ನಡುವಿನ ಎತ್ತರದ ಕಲ್ಲುಕಂಬದ ಮೇಲೆ ‘ಫ್ರಾಂಕ್ಲಿನ್’ ಅಂತ ನೋಡಿದ್ದೇ ದಾಪುಗಾಲು ಹಾಕಿಕೊಂಡು ಹೋಗಿ, ಕೈ ಮುಗಿದು ನಿಂತು, ನನ್ನ ಕೈಲಿ ಫೋಟೋ ತೆಗೆಸಿ, ‘ಬೆಂಜಮಿನ್ ಫ್ರಾಂಕ್ಲಿನ್ನರ ಸಮಾಧಿಯ ಮುಂದೆ’ ಅಂತ ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು. ಹನ್ನೊಂದು ಜನ ಕೈಮುಗಿದ ಮೇಲೆ ಗೈಡ್ ಹೇಳಿದ: ಅದು ಫ್ರಾಂಕ್ಲಿನ್ನನ ಅಪ್ಪ ಅಮ್ಮಂದು, ಅವನ ಸಮಾಧಿ ಇರೋದು ಫಿಲಡೆಲ್ಫಿಯಾದಲ್ಲಿ.

“ಅಳಿಸಿಬಿಡ್ರೀ” ಅಂದೆ.

“ಯಾಕೆ? ಹೆತ್ತವರಿಗೆ ನಮಸ್ಕಾರ ಮಾಡಿದ್ರೆ ಮಗನಿಗೆ ತಲುಪಲ್ವಾ?” ಅಂದರು.

ಆಮೇಲೆ ಗೈಡು ಯಾರ್ಯಾರು ಎಲ್ಲೆಲ್ಲಿಂದ ಬಂದಿದ್ದೀರಿ ಅಂತ ಕೇಳಿದ. ಟೆಕ್ಸಸ್, ಓಹಾಯೋ, ಜರ್ಮನಿ ಎಲ್ಲ ಒಂದೊಂದು ಮಾತಿನಲ್ಲಿ ಮುಗಿದವು. ಇವರು “ಮೈಸೂರು” ಅಂದು ನಿಲ್ಲಿಸಬಹುದಿತ್ತು. “ಮೈಸೂರು. ನಿಮ್ಮ ಕಾರ್ನ್‌ವಾಲಿಸ್ ಗೊತ್ತಲ್ಲ?” ಅಂತ ಶುರು ಮಾಡಿದರು. ನೀವು 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅವನನ್ನು ಸೋಲಿಸಿ ಕಳಿಸಿದಿರಿ, ಅವನು 1786ಕ್ಕೆ ನಮ್ಮಲ್ಲಿಗೆ ಗವರ್ನರ್ ಜನರಲ್ ಆಗಿ ಬಂದ, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಸಾಲದ್ದಕ್ಕೆ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ. ನೀವು ಅಲ್ಲೇ ಇನ್ನೂ ಸ್ವಲ್ಪ ಸರಿಯಾಗಿ ನೋಡಿಕೊಂಡಿದ್ದರೆ?

ಗೈಡು ಟೋಪಿ ತೆಗೆದು “ಸಾರಿ ಸರ್” ಅಂದ. 240 ಚಿಲ್ಲರೆ ವರ್ಷದ ಹಿಂದಿನ ತಪ್ಪಿಗೆ ಅಷ್ಟು ಬೇಗ ಕ್ಷಮೆ ಕೇಳಿದವರನ್ನು ನಾನು ನೋಡಿಲ್ಲ.

ಇವರಿಗೆ ಹುರುಪು ಏರಿತು. ನಿಮ್ಮ ಕ್ರಾಂತಿಯ ಕಾಲದಲ್ಲಿ ‘ಹೈದರ್ ಅಲಿ’ ಅಂತ ಹೆಸರಿಟ್ಟ ಹಡಗೇ ಇತ್ತು, 1782ರಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಹಡಗನ್ನು ಹಿಡಿಯಿತು ಅಂದರು. ಗೈಡು ನಂಬಲಿಲ್ಲ. ಆ ಉದ್ದ ಕೋಟಿನೊಳಗೆ ಕೈ ಹಾಕಿ, ಎಲ್ಲಿಂದಲೋ ಮೊಬೈಲ್ ಹೊರತೆಗೆದು, ಮೂರು ಮೂಲೆ ಟೋಪಿಯ ನೆರಳಲ್ಲಿ ಹುಡುಕಿದ. ಹುಬ್ಬು ಮೇಲೇರಿತು. “ಹುಝಾ” ಅಂದ ಮೆಲ್ಲಗೆ. ಇವರು “ಹುಷಾರ್” ಅಂದರು.

ಓಲ್ಡ್ ಸೌತ್ ಮೀಟಿಂಗ್ ಹೌಸ್ ಮುಂದೆ ನನ್ನ ಸರದಿ. 1773ರ ಡಿಸೆಂಬರ್ 16ರಂದು ಐದು ಸಾವಿರ ಜನ ಸೇರಿದ್ದು ಇಲ್ಲೇ. ಇಲ್ಲಿಂದ ಹೊರಟವರೇ ಬಂದರಿನಲ್ಲಿ ಮೂರು ಹಡಗು ಹತ್ತಿ 342 ಪೆಟ್ಟಿಗೆ ಟೀ ಸಮುದ್ರಕ್ಕೆ ಸುರಿದರು. ಅದೇ ನಮ್ಮನೆಯವರ ಎರಡು ಅಂಕದ ಚಹಾಕೂಟ. ಟೀ ಅಸ್ಸಾಮಿನದಲ್ಲ, ಚೀನಾದ್ದು. ಮಾರಲು ತಂದದ್ದು ನಮ್ಮ ಹಳೇ ಶನಿ ಈಸ್ಟ್ ಇಂಡಿಯಾ ಕಂಪನಿ. ತಮಾಷೆ ಏನೆಂದರೆ ಬ್ರಿಟಿಷರು ಆ ವರ್ಷ ತಂದ ಟೀ ಕಾಯ್ದೆಯಿಂದ ಟೀ ತುಟ್ಟಿಯಾಗಲಿಲ್ಲ, ಅಗ್ಗವಾಯಿತು. ಕಳ್ಳಮಾಲು ತಂದು ಮಾರುತ್ತಿದ್ದವರ ಹೊಟ್ಟೆಗೂ ಹೊಡೆತ ಬಿತ್ತು. ಜೊತೆಗೆ ಪೌಂಡಿಗೆ ಮೂರು ಪೆನ್ಸ್ ತೆರಿಗೆ ಹಾಗೇ ಉಳಿದಿತ್ತು. ದುಡ್ಡು ಎಷ್ಟು ಅನ್ನೋದಲ್ಲ, ನಮ್ಮನ್ನು ಕೇಳದೆ ಹಾಕಿದ್ದು ಯಾಕೆ ಅನ್ನೋದು ಜಗಳ. ಮದುವೆಮನೆ ಜಗಳಗಳೂ ಹೀಗೇ ಅಲ್ಲವೇ, ಸೀರೆಯ ಬೆಲೆ ಯಾರಿಗೆ ಬೇಕು, ಒಂದು ಮಾತು ಕೇಳಲಿಲ್ಲವಲ್ಲ ಅಂತ.

ಗೈಡ್ ಪಾತ್ರದಲ್ಲಿ ಮುಳುಗಿಹೋಗಿದ್ದ. ಮುಷ್ಟಿ ಎತ್ತಿ, “ನಿಜವಾದ ದೇಶಭಕ್ತ ಇನ್ನು ಒಂದು ಹನಿ ಟೀ ಮುಟ್ಟುತ್ತಾನೆಯೇ?” ಅಂತ ಗುಡುಗಿದ. ಇಡೀ ಗುಂಪು “ಇಲ್ಲ!” ಅಂತು. ಆ ನಿಶ್ಶಬ್ದದಲ್ಲಿ ನನ್ನ ಫ್ಲಾಸ್ಕಿನಿಂದ ಮುಚ್ಚಳಕ್ಕೆ ಟೀ ಬೀಳುವ ಸೊರ್ ಸದ್ದು ಸ್ಪಷ್ಟವಾಗಿ ಕೇಳಿಸಿತು.

ಮೂವತ್ತು ಕತ್ತು ನನ್ನ ಕಡೆ ತಿರುಗಿದವು. ಶುಂಠಿಯ ಘಮ ಬೇರೆ, ಸಾಕ್ಷಿ ಹೇಳಲು. “ಮೇಡಂ, ಅದರಲ್ಲಿರೋದೇನು?” ಅಂದ ಗೈಡು. ಕಷಾಯ ಅನ್ನಬಹುದಿತ್ತು. ಮೇಷ್ಟ್ರ ಹೆಂಡತಿ, ಸುಳ್ಳು ಬಾಯಿಗೆ ಬರಲಿಲ್ಲ. “ಟೀ” ಅಂದೆ. ಗೈಡು ಎದೆಗೆ ಕೈಯಿಟ್ಟು ಎರಡು ಹೆಜ್ಜೆ ಹಿಂದಕ್ಕೆ ತೂರಾಡಿ, “ರಾಜನ ಪಕ್ಷದವಳು!” ಅಂತ ಘೋಷಿಸಿದ. ಓಹಾಯೋದ ಒಬ್ಬ ಪುಟ್ಟ ಹುಡುಗ ಅಳುವ ಮುಖ ಮಾಡಿಕೊಂಡು ಅಮ್ಮನ ಹಿಂದೆ ಸರಿದ. ನನ್ನ ಗಂಡ ಯಾರದೋ ಹೆಂಡತಿಯನ್ನು ನೋಡುವ ಹಾಗೆ ನನ್ನನ್ನು ನೋಡಿ, ಎದುರಿನ ಕಿಟಕಿಗಳನ್ನು ಎಣಿಸತೊಡಗಿದರು. ಸುರಿದ ಟೀ ಚೆಲ್ಲುವುದುಂಟೆ? ಬಿಸಿಬಿಸಿ ಕುಡಿದು ಮುಗಿಸಿದೆ.

ಅಲ್ಲಿಂದ ಓಲ್ಡ್ ಸ್ಟೇಟ್ ಹೌಸ್. ಅದರ ಮುಂದೆ ರಸ್ತೆ ಪಕ್ಕ ನೆಲದಲ್ಲಿ ಕಲ್ಲು ಜೋಡಿಸಿದ ಒಂದು ಚಕ್ರ. 1770ರ ಮಾರ್ಚ್ 5ರಂದು ಬ್ರಿಟಿಷ್ ಸಿಪಾಯಿಗಳ ಗುಂಡಿಗೆ ಐದು ಜನ ಸತ್ತ ಘಟನೆಯ ಗುರುತು. ಆ ಸಿಪಾಯಿಗಳ ಪರ ವಾದ ಮಾಡಿದವರು ಜಾನ್ ಆಡಮ್ಸ್. ಊರೆಲ್ಲ ಕುದಿಯುತ್ತಿರುವಾಗ ನ್ಯಾಯ ಎಲ್ಲರಿಗೂ ಸಿಗಬೇಕು ಅಂತ ನಿಂತು, ಎಂಟು ಜನರಲ್ಲಿ ಆರು ಜನರನ್ನು ಬಿಡಿಸಿದರು. ಅದೇ ಮನುಷ್ಯ ಮುಂದೆ ಅಮೆರಿಕದ ಎರಡನೇ ಅಧ್ಯಕ್ಷ. ಈ ಕಥೆಗೆ ಇವರ ಕಣ್ಣು ಒದ್ದೆಯಾಯಿತು. ಆ ಚಕ್ರದ ಫೋಟೋ ಬೇಕು ಅಂತ ನಿಂತರು. ಗುಂಪು ಮುಂದೆ ಹೋಯಿತು. ಇವರು ಸದಾ ಎರಡು ಫಲಕ ಹಿಂದೆಯೇ ಇರುವವರು, ನಾನೂ ನಡೆದೆ.

ಫನ್ಯೂಲ್ ಹಾಲ್ ಮುಂದೆ ಗೈಡು ಕೊನೆಯ ಜಯಕಾರ ಹಾಕಿಸಿದ. “ಹುಝಾ!” ಎಲ್ಲ ಸರಿಯಾಗೇ ಕೇಳಿಸಿತು. ಆಗ ಗೊತ್ತಾಯಿತು. ‘ಹುಷಾರ್’ ಇಲ್ಲ!

ಬ್ಯಾಗಿನ ತಳದಲ್ಲಿದ್ದ ಫೋನ್ ತೆಗೆದರೆ ಏಳು ಮಿಸ್ಡ್ ಕಾಲ್. ಗೈಡ್ ಹೇಳಿದ್ದ ಅಂತ ಸೈಲೆಂಟಿಗೆ ಹಾಕಿದ್ದವಳು ನಾನೊಬ್ಬಳೇ. ಮಾಡಿದೆ.

“ಎಲ್ಲಿದ್ದೀರ್ರೀ?”

“ಕ್ವಿನ್ಸೀಲಿ. ನೀನೆಲ್ಲಿ?”

ಜೀವ ಬಂತು. ಫನ್ಯೂಲ್ ಹಾಲ್ ಬೆನ್ನಿಗೇ ಕ್ವಿನ್ಸಿ ಮಾರ್ಕೆಟ್, ಊಟ ಅಲ್ಲಿ ಅಂತ ಗೈಡು ಮೊದಲೇ ಹೇಳಿದ್ದ. “ನಾನೂ ಕ್ವಿನ್ಸೀಲೇ ಇದ್ದೀನಿ. ಎದುರಿಗೆ ಏನಿದೆ?”

“ಕಲ್ಲಿನ ಕಟ್ಟಡ. ಮುಂದೆ ದೊಡ್ಡ ಕಂಬ.”

“ನನ್ನ ಮುಂದೇನೂ ಅದೇ. ಎಷ್ಟು ಕಂಬ?”

“ನಾಲ್ಕು.”

“ನಂದೂ ನಾಲ್ಕು!”

“ಆಡಮ್ಸ್ ಪ್ರತಿಮೆ ಇದೆ ನೋಡು.”

ತಿರುಗಿ ನೋಡಿದೆ. ಫನ್ಯೂಲ್ ಹಾಲ್ ಎದುರು ಕೈಕಟ್ಟಿಕೊಂಡು ನಿಂತಿದ್ದ ಆಡಮ್ಸ್. “ಕಾಣ್ತಿದಾನೆ! ಅಲ್ಲೇ ಇರಿ, ಬಂದೆ” ಅಂದು ಪ್ರತಿಮೆಗೆ ಮೂರು ಪ್ರದಕ್ಷಿಣೆ ಹಾಕಿದೆ. ಗಂಡ ಇಲ್ಲ. “ಕೈ ಎತ್ತಿ” ಅಂದೆ. ಎತ್ತಿದ್ದೀನಿ ಅಂದರು. ಎತ್ತಿದ್ದರೂ ಇರಬೇಕು.

ಗೈಡಿಗೆ ಫೋನ್ ಕೊಟ್ಟೆ. ಅವನು ಮಾತಾಡಿ, ಮುಖ ಅತ್ತ ತಿರುಗಿಸಿ, ಭುಜ ಕುಣಿಸಿ ನಕ್ಕ. ಆದದ್ದಿಷ್ಟು. ಗುಂಪು ಕಾಣದಾದಾಗ ಇವರು ಮಗನಿಗೆ ಫೋನ್ ಮಾಡಿದ್ದಾರೆ. ಅವನು ಮೀಟಿಂಗಿನಿಂದ ಪಿಸುದನಿಯಲ್ಲಿ “ರೆಡ್ ಲೈನ್ ಹಿಡ್ಕೊಂಡು ಹೋಗಿ ಅಪ್ಪಾ” ಅಂದು ಇಟ್ಟಿದ್ದಾನೆ. ಓಲ್ಡ್ ಸ್ಟೇಟ್ ಹೌಸಿನ ಬುಡದಲ್ಲೇ ರೈಲು ನಿಲ್ದಾಣ. ಇಳಿದು, ರೆಡ್ ಲೈನ್ ಎಲ್ಲಿ ಅಂತ ಕೇಳಿ, ಆರೆಂಜ್ ಲೈನಿನಲ್ಲಿ ಒಂದು ಸ್ಟಾಪ್ ಹೋಗಿ, ಅಲ್ಲಿ ಬದಲಾಯಿಸಿ ರೆಡ್ ಲೈನ್ ಹಿಡಿದಿದ್ದಾರೆ. ನಕ್ಷೆಯಲ್ಲಿ ‘ಕ್ವಿನ್ಸಿ ಸೆಂಟರ್’ ಅಂತ ಕಂಡ ಮೇಲೆ ಅನುಮಾನ ಎಲ್ಲಿಯದು? ಮಾರ್ಕೆಟ್ ಸೆಂಟರಿನಲ್ಲೇ ಇರುತ್ತೆ ಅಂತ ನೆಮ್ಮದಿಯಾಗಿ ಕೂತಿದ್ದಾರೆ. ಮಾರ್ಕೆಟ್ಟು ಕ್ವಿನ್ಸಿ ಅನ್ನೋ ಮೇಯರ್ ಹೆಸರಿನದು. ಇವರು ಇಳಿದದ್ದು ಕ್ವಿನ್ಸಿ ಅನ್ನೋ ಬೇರೆ ಊರಿನಲ್ಲಿ. ಅಲ್ಲಿನವರು ಅದನ್ನು ‘ಕ್ವಿನ್ಜಿ’ ಅನ್ನುತ್ತಾರಂತೆ. ಅಲ್ಲಿರೋದು ಜಾನ್ ಆಡಮ್ಸ್, ನನ್ನ ಎದುರಿಗಿದ್ದದ್ದು ಅವರ ದಾಯಾದಿ ಸ್ಯಾಮ್ಯುಯೆಲ್. ಇವರ ನಾಲ್ಕು ಕಂಬದ ಕಟ್ಟಡ ಒಂದು ಚರ್ಚು. ಅದರ ನೆಲಮಾಳಿಗೆಯಲ್ಲೇ ಜಾನ್ ಆಡಮ್ಸರ ಸಮಾಧಿ.

“ಈ ಸಲ ಸರಿಯಾದ ಸಮಾಧಿ ಕಣೇ” ಅಂದರು ಇವರು, ದನಿಯಲ್ಲಿ ಒಂದಿಷ್ಟೂ ಪಶ್ಚಾತ್ತಾಪವಿಲ್ಲದೆ. “ಒಳಗೆ ಹೋಗಿ ನೋಡ್ಕೊಂಡು ಬರ್ತೀನಿ. ಗುಂಪಿಗೂ ಒಂದು ಫೋಟೋ ಹಾಕ್ಬೇಕು.”

ಮೆಟ್ಟಿಲ ಮೇಲೆ ಕೂತೆ. ಗುಂಪು ಚದುರಿತ್ತು. ಗೈಡು ಬಂದು ಪಕ್ಕದಲ್ಲಿ ಕೂತು, ಟೋಪಿ ತೆಗೆದು ಮಂಡಿ ಮೇಲಿಟ್ಟುಕೊಂಡ. ಹಣೆಯ ಸುತ್ತ ಟೋಪಿಯ ಅಚ್ಚು ಕೆಂಪಗೆ ಬಿದ್ದಿತ್ತು. ನನ್ನ ಫ್ಲಾಸ್ಕಿನ ಕಡೆ ಒಮ್ಮೆ ನೋಡಿದ, ಗಡಿಯಾರ ನೋಡಿಕೊಂಡ, “ಡ್ಯೂಟಿ ಮುಗೀತು” ಅಂದ. ಮುಚ್ಚಳದ ತುಂಬ ಹಾಕಿಕೊಟ್ಟೆ. ಸ್ಯಾಮ್ಯುಯೆಲ್ ಆಡಮ್ಸನಿಗೆ ಬೆನ್ನು ತಿರುಗಿಸಿ ಕೂತು ಕುಡಿದ. ಇನ್ನೂ ಸ್ವಲ್ಪ ಇದೆಯಾ ಅಂದ. ಇದ್ದದ್ದಷ್ಟನ್ನೂ ಬಗ್ಗಿಸಿದೆ.

ಒಂದೂವರೆ ಗಂಟೆ ಕಳೆದು ನಮ್ಮನೆಯವರು ಬಂದರು. ಪಾರ್ಕ್ ಸ್ಟ್ರೀಟಿನಲ್ಲಿ ಇಳಿದು, ಈ ಸಲ ನೆಲದ ಗೆರೆಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು, ಹಗ್ಗದ ಮೇಲೆ ನಡೆಯುವ ದೊಂಬರವರ ಹಾಗೆ. ಚಳಿಗೆ ಮೂಗು ಕೆಂಪಾಗಿತ್ತು.

“ಉಸ್ಸಪ್ಪಾ. ಟೀ ಕೊಡು” ಅಂದರು.

ಫ್ಲಾಸ್ಕನ್ನು ತಲೆಕೆಳಗು ಮಾಡಿ ತೋರಿಸಿ, “ಸಮುದ್ರಕ್ಕೆ ಸುರಿದೆ” ಅಂದೆ.